ಸರಾಸರಿಯ ಆಚೆ ಈಚೆ: ಗಂಟೆಯಾಕಾರದ ಗೆರೆಯ ಪರಿಚಯ

ಊರು ಬಿಟ್ಟು ದುಡಿಯಲು ಬಂದ ನಮ್ಮಂಥವರ ದಿನವೆಲ್ಲ ಅಂಕಿಗಳ ನಡುವೆಯೇ ಕಳೆಯುತ್ತದೆ. ಗಿರಣಿಯಲ್ಲಿ ಪಾಳಿಗೆ ಇಷ್ಟು ಕಿಲೋ ನೂಲು ಎಂಬ ಲೆಕ್ಕ. ಕಚೇರಿಯಲ್ಲಿ ದಿನಕ್ಕೆ ಇಷ್ಟು ಕಾಗದ ವಿಲೇವಾರಿ ಎಂಬ ಲೆಕ್ಕ. ಮನೆಗೆ ಬಂದರೆ ಮಕ್ಕಳ ಅಂಕಪಟ್ಟಿ. ಈ ಎಲ್ಲ ಲೆಕ್ಕಗಳ ಕೊನೆಯ ಸಾಲಿನಲ್ಲಿ 'ಸರಾಸರಿ' ಎಂಬುದೊಂದು ಬಂದು ಕುಳಿತಿರುತ್ತದೆ. ಅದಕ್ಕಿಂತ ಮೇಲೆ ಬಂದವನು ಕೆಲಸಗಾರ, ಕೆಳಗೆ ಬಂದವನು ಮೈಗಳ್ಳ ಎಂದು ಅಲ್ಲಿಗೇ ತೀರ್ಪು ಆಗಿಬಿಡುತ್ತದೆ.

ಆದರೆ ತುಸು ಯೋಚಿಸಿ ನೋಡಿರಿ. ನೂರು ಜನರ ಅಂಕಿಗಳನ್ನು ಕೂಡಿಸಿ ನೂರರಿಂದ ಭಾಗಿಸಿದರೆ ಸರಾಸರಿ ಬರುತ್ತದೆ. ಹಾಗೆ ಬಂದ ಮೇಲೆ ಕೆಲವರು ಅದರ ಕೆಳಗೆ ಇರಲೇಬೇಕು. ಎಲ್ಲರೂ ಸರಾಸರಿಗಿಂತ ಮೇಲಿರುವ ಊರು ಭೂಮಿಯ ಮೇಲಿಲ್ಲ. ಹಾಗಾದರೆ ಸರಾಸರಿಯಿಂದ ಎಷ್ಟು ದೂರ ಸರಿದರೆ ಅದು ಸಹಜವಾದ ಏರಿಳಿತ? ಎಷ್ಟು ದೂರ ಸರಿದರೆ ಅದಕ್ಕೆ ಬೇರೆಯಾಗಿ ಕಾರಣ ಹುಡುಕಬೇಕು? ಈ ಪ್ರಶ್ನೆಗೆ ಉತ್ತರ ಕೊಡಲು ಸಂಖ್ಯಾಶಾಸ್ತ್ರದಲ್ಲಿ ಒಂದು ನಿಯಮವಿದೆ. ಅದನ್ನು 'ಸಾಮಾನ್ಯ ವಿತರಣೆ', ಇಂಗ್ಲಿಷ್ ಹೆಸರಿನಲ್ಲಿ 'ನಾರ್ಮಲ್ ಡಿಸ್ಟ್ರಿಬ್ಯೂಷನ್' ಎನ್ನುತ್ತಾರೆ. ಅದರ ಚಿತ್ರ ಬರೆದರೆ ದೇವಸ್ಥಾನದ ಗಂಟೆಯನ್ನು ಬದಿಯಿಂದ ನೋಡಿದಂತೆ ಕಾಣುವುದರಿಂದ 'ಗಂಟೆಯ ಗೆರೆ' ಎಂದೂ ಕರೆಯಬಹುದು. ಕಾಲೇಜಿನ ಮೆಟ್ಟಿಲು ಹತ್ತದವರಿಗೂ ಇದು ತಿಳಿಯುವಂಥದೇ. ಕೂಡಿಸುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಇಷ್ಟು ಬಂದರೆ ಸಾಕು.

ಹತ್ತು ನಾಣ್ಯಗಳ ಆಟ

ಹತ್ತು ರೂಪಾಯಿ ನಾಣ್ಯಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ಚೆನ್ನಾಗಿ ಕುಲುಕಿ ಚಾಪೆಯ ಮೇಲೆ ಸುರಿಯಿರಿ. ಸಿಂಹದ ಮುದ್ರೆ ಮೇಲಾಗಿ ಬಿದ್ದ ನಾಣ್ಯಗಳನ್ನು ಎಣಿಸಿರಿ. ಸೊನ್ನೆಯಿಂದ ಹತ್ತರವರೆಗೆ ಯಾವ ಸಂಖ್ಯೆಯಾದರೂ ಬರಬಹುದು. ಆದರೆ ಎಲ್ಲ ಸಂಖ್ಯೆಗಳೂ ಒಂದೇ ಸಮನಾಗಿ ಬರುವುದಿಲ್ಲ. ಏಕೆಂದರೆ ಒಂದೊಂದು ನಾಣ್ಯ ಬೀಳುವುದು ಎರಡು ರೀತಿ. ಹತ್ತು ನಾಣ್ಯ ಸೇರಿದರೆ ಎರಡನ್ನು ಹತ್ತು ಸಲ ಗುಣಿಸಿದಷ್ಟು, ಅಂದರೆ 1024 ರೀತಿ. ಇವುಗಳಲ್ಲಿ ಹತ್ತೂ ಸಿಂಹ ಬೀಳುವುದು ಒಂದೇ ಒಂದು ರೀತಿ. ಒಂಬತ್ತು ಸಿಂಹ ಬೀಳುವುದು 10 ರೀತಿ, ಏಕೆಂದರೆ ಅಂಕಿ ತೋರಿಸುವ ಒಂಟಿ ನಾಣ್ಯ ಆ ಹತ್ತರಲ್ಲಿ ಯಾವುದಾದರೂ ಆಗಬಹುದು. ಎಂಟು ಸಿಂಹಕ್ಕೆ 45, ಏಳಕ್ಕೆ 120, ಆರಕ್ಕೆ 210, ಐದಕ್ಕೆ 252 ರೀತಿಗಳು. ಐದರಿಂದ ಕೆಳಗೆ ಇಳಿದಂತೆ ಅದೇ ಅಂಕಿಗಳು ಹಿಂದುಮುಂದಾಗಿ ಬರುತ್ತವೆ: 210, 120, 45, 10, 1.

ಈಗ ನೆಲದ ಮೇಲೆ ಸೊನ್ನೆಯಿಂದ ಹತ್ತರವರೆಗೆ ಹನ್ನೊಂದು ಮನೆ ಗೀಚಿ, ಪ್ರತಿ ಸಲ ಬಂದ ಸಂಖ್ಯೆಯ ಮನೆಯಲ್ಲಿ ಒಂದೊಂದು ಹುಣಸೆಬೀಜ ಇಡುತ್ತ ಹೋಗಿರಿ. ಮೊದಲ ಹತ್ತಿಪ್ಪತ್ತು ಸಲ ಏನೂ ಗೊತ್ತಾಗುವುದಿಲ್ಲ. ಇನ್ನೂರು ಸಲವಾಗುವ ಹೊತ್ತಿಗೆ ನಡುವೆ ದೊಡ್ಡ ಸಾಲು, ಎರಡೂ ಕಡೆ ಇಳಿಜಾರು, ತುದಿಗಳಲ್ಲಿ ಬಹುತೇಕ ಬರಿದು. ಗಂಟೆಯ ಆಕಾರ ತಾನಾಗಿಯೇ ಮೂಡುತ್ತದೆ. ನಾಲ್ಕು, ಐದು, ಆರು ಈ ಮೂರು ಮನೆಗಳಲ್ಲೇ 1024ರಲ್ಲಿ 672 ಪಾಲು, ಅಂದರೆ ಸುಮಾರು ಮೂರರಲ್ಲಿ ಎರಡು ಪಾಲು ಬೀಜಗಳು ಸೇರುತ್ತವೆ. ಇದು ಯಾರ ಕೈಚಳಕವೂ ಅಲ್ಲ. ಒಂದೊಂದು ನಾಣ್ಯವೂ ತನ್ನ ಇಚ್ಛೆಯಂತೆ ಬೀಳುತ್ತದೆ. ಆದರೆ ಗುಂಪಿಗೆ ಒಂದು ಶಿಸ್ತಿದೆ.

ಇದನ್ನು ಕಂಡುಹಿಡಿದವರು

ನಾಣ್ಯಗಳ ಸಂಖ್ಯೆ ಹೆಚ್ಚಿದಂತೆ ಈ ಮೆಟ್ಟಿಲು ಮೆಟ್ಟಿಲಾದ ಆಕಾರ ಒಂದು ನಯವಾದ ಗೆರೆಯ ಹತ್ತಿರ ಬರುತ್ತದೆಂದು 1733ರಲ್ಲಿ ಮೊದಲು ತೋರಿಸಿಕೊಟ್ಟವನು ಅಬ್ರಹಾಂ ದ ಮುವಾವ್ರ್. ಇವನೂ ನಮ್ಮಂತೆ ಊರು ಬಿಟ್ಟು ಬಂದವನೇ. ಹುಟ್ಟಿದ್ದು 1667ರಲ್ಲಿ ಫ್ರಾನ್ಸಿನಲ್ಲಿ. ಅಲ್ಲಿ 1685ರಲ್ಲಿ ಪ್ರಾಟೆಸ್ಟೆಂಟರ ಮತಸ್ವಾತಂತ್ರ್ಯವನ್ನು ಕಿತ್ತುಕೊಂಡ ಮೇಲೆ ಲಂಡನ್ನಿಗೆ ಬಂದು ನೆಲಸಿದ. ಪಂಡಿತರ ಮನ್ನಣೆ ದೊರೆತರೂ ವಿಶ್ವವಿದ್ಯಾಲಯದ ಹುದ್ದೆ ಕೊನೆಯವರೆಗೂ ದೊರೆಯಲಿಲ್ಲ. ಮನೆ ಮನೆಗೆ ಹೋಗಿ ಹುಡುಗರಿಗೆ ಗಣಿತ ಹೇಳಿಕೊಟ್ಟು, ಕಾಫಿ ಅಂಗಡಿಯಲ್ಲಿ ಕುಳಿತು ಜೂಜುಗಾರರಿಗೂ ವಿಮೆಯವರಿಗೂ ಲೆಕ್ಕ ಮಾಡಿಕೊಟ್ಟು ಹೊಟ್ಟೆ ಹೊರೆದು, 1754ರಲ್ಲಿ ತೀರಿಕೊಂಡ.

ಮುಂದೆ ಖಗೋಳ ವಿಜ್ಞಾನಿಗಳು ಇದೇ ಗೆರೆಯನ್ನು ಇನ್ನೊಂದು ದಾರಿಯಿಂದ ಬಂದು ಮುಟ್ಟಿದರು. ಒಂದೇ ನಕ್ಷತ್ರದ ಸ್ಥಾನವನ್ನು ಹತ್ತು ಸಲ ಅಳೆದರೆ ಹತ್ತು ಉತ್ತರ ಬರುತ್ತಿದ್ದವು. 1801ರಲ್ಲಿ ಸಿರಿಸ್ ಎಂಬ ಹೊಸ ಆಕಾಶಕಾಯ ಕೆಲವು ವಾರ ಕಂಡು, ಸೂರ್ಯನ ಬೆಳಕಿನಲ್ಲಿ ಮರೆಯಾಯಿತು. ಜರ್ಮನಿಯ ಗೌಸ್ ಎಂಬ ತರುಣ ಗಣಿತಜ್ಞ ಲೆಕ್ಕ ಹಾಕಿ, ಅದು ಮತ್ತೆ ಎಲ್ಲಿ ಕಂಡೀತೆಂದು ಹೇಳಿದ. ಆ ವರ್ಷದ ಕೊನೆಗೆ ಅದು ಅವನು ಹೇಳಿದ ಸ್ಥಳದ ಹತ್ತಿರವೇ ಸಿಕ್ಕಿತು. 1809ರ ತನ್ನ ಗ್ರಂಥದಲ್ಲಿ ಅವನು ಅಳತೆಯ ತಪ್ಪುಗಳು ಈ ಗಂಟೆಯ ಗೆರೆಯಂತೆ ಹರಡುತ್ತವೆಂದು ವಿವರಿಸಿದ. ಜರ್ಮನಿಯಲ್ಲಿ 1991ರಿಂದ ಚಲಾವಣೆಗೆ ಬಂದ ಹತ್ತು ಮಾರ್ಕಿನ ನೋಟಿನ ಮೇಲೆ ಗೌಸನ ಮುಖದ ಪಕ್ಕದಲ್ಲಿ ಈ ಗೆರೆಯನ್ನೂ ಅಚ್ಚು ಹಾಕಿದ್ದರು. ಯೂರೋ ನಾಣ್ಯ ಬಂದ ಮೇಲೆ ಆ ನೋಟು ಬಳಕೆ ತಪ್ಪಿತು.

ನಕ್ಷತ್ರಗಳಿಂದ ಇದನ್ನು ಮನುಷ್ಯರ ಕಡೆಗೆ ತಂದವನು ಬೆಲ್ಜಿಯಂ ದೇಶದ ಕೆಟ್ಲೆ. 5,738 ಸ್ಕಾಟಿಷ್ ಸೈನಿಕರ ಎದೆಯ ಸುತ್ತಳತೆಯ ಪಟ್ಟಿಯನ್ನು ಅವನು 1846ರಲ್ಲಿ ಪ್ರಕಟಿಸಿದ. ಅದರಲ್ಲಿ 33 ಅಂಗುಲದವರು ಮೂವರು, 48 ಅಂಗುಲದವನು ಒಬ್ಬ. 39 ಅಂಗುಲದವರು ಸಾವಿರಕ್ಕೂ ಮೇಲೆ, 40 ಅಂಗುಲದವರೂ ಸಾವಿರಕ್ಕೂ ಮೇಲೆ. ನಾಣ್ಯದ ಗಂಟೆಯೇ ಇಲ್ಲಿಯೂ!

ಕೆಟ್ಲೆಯದೇ ಇನ್ನೊಂದು ಸ್ವಾರಸ್ಯದ ಲೆಕ್ಕವಿದೆ. ಫ್ರಾನ್ಸಿನಲ್ಲಿ ಕಡ್ಡಾಯ ಸೇನಾ ಸೇವೆಯಿತ್ತು. 157 ಸೆಂಟಿಮೀಟರಿಗಿಂತ ಕುಳ್ಳಗಿದ್ದವರಿಗೆ ವಿನಾಯಿತಿ. ಒಂದು ಲಕ್ಷ ಯುವಕರ ಎತ್ತರದ ಪಟ್ಟಿಯನ್ನು ಗಂಟೆಯ ಗೆರೆಯೊಂದಿಗೆ ಹೋಲಿಸಿದಾಗ, ಆ ಮಿತಿಗಿಂತ ಕೆಳಗೆ ಇರಬೇಕಾದುದಕ್ಕಿಂತ ಹೆಚ್ಚು ಜನ, ಮಿತಿಯ ಸ್ವಲ್ಪ ಮೇಲೆ ಇರಬೇಕಾದುದಕ್ಕಿಂತ ಕಡಿಮೆ ಜನ ಕಂಡುಬಂದರು. ಸುಮಾರು ಎರಡು ಸಾವಿರ ಮಂದಿ ಹೇಗೋ ಕುಳ್ಳರಾಗಿ ಬರೆಸಿಕೊಂಡು ಪಾರಾಗಿದ್ದರೆಂದು ಅವನು ಊಹಿಸಿದ. ಯಾರನ್ನೂ ಮುಟ್ಟದೆ, ಯಾರನ್ನೂ ಕೇಳದೆ, ಬರಿಯ ಗೆರೆಯ ಡೊಂಕಿನಿಂದ ಆ ಸಂಗತಿ ಬಯಲಿಗೆ ಬಂತು.

ಹೀಗೇಕೆ ಆಗುತ್ತದೆ?

ನಾಣ್ಯ, ನಕ್ಷತ್ರ, ಸೈನಿಕನ ಎದೆ, ಇವುಗಳಲ್ಲಿ ಏನು ಸಂಬಂಧ? ಸಂಬಂಧವಿಷ್ಟೇ: ಪ್ರತಿಯೊಂದರಲ್ಲಿಯೂ ಫಲಿತಾಂಶವೆಂಬುದು ಅನೇಕ ಸಣ್ಣ ಸಣ್ಣ ಕಾರಣಗಳ ಮೊತ್ತ. ಒಂದು ಕಾರಣ ಮೇಲೆ ಎತ್ತುತ್ತದೆ, ಇನ್ನೊಂದು ಕೆಳಗೆ ಎಳೆಯುತ್ತದೆ. ಒಂದಕ್ಕೊಂದು ಮಾತನಾಡಿಕೊಂಡು ಬರುವುದಿಲ್ಲ. ಯಾವುದೊಂದೂ ಉಳಿದವುಗಳ ಮೇಲೆ ದಬ್ಬಾಳಿಕೆ ಮಾಡುವಷ್ಟು ದೊಡ್ಡದಲ್ಲ. ಇಂಥ ಕಾರಣಗಳು ಬಹಳವಾಗಿ ಕೂಡಿದಲ್ಲಿ ಗಂಟೆಯ ಆಕಾರ ಬರುತ್ತದೆಂದು ಫ್ರಾನ್ಸಿನ ಲಾಪ್ಲಾಸ್ 1810ರಲ್ಲಿ ಗಣಿತದ ಮೂಲಕ ತೋರಿಸಿದ.

ನಮ್ಮ ನೂಲನ್ನೇ ನೋಡಿರಿ. ನಲವತ್ತರ ಕೌಂಟು ಎಂದರೆ ಒಂದು ಪೌಂಡು ನೂಲಿನಲ್ಲಿ 840 ಗಜದ ನಲವತ್ತು ಲಡಿ. ಪರೀಕ್ಷೆಗೆ 120 ಗಜದ ಒಂದು 'ಲೀ' ಸುತ್ತಿ ತೂಗುತ್ತಾರೆ. ಸರಿಯಾಗಿ ನಲವತ್ತಿದ್ದರೆ ಅದು 25 ಗ್ರೇನು, ಎಂದರೆ ಸುಮಾರು 1.62 ಗ್ರಾಂ ತೂಗಬೇಕು. ಆದರೆ ಒಂದೇ ಯಂತ್ರ, ಒಂದೇ ಹತ್ತಿ, ಒಬ್ಬನೇ ಕೆಲಸಗಾರ ಇದ್ದರೂ ಪ್ರತಿ ಲೀ ಬೇರೆ ತೂಗುತ್ತದೆ. ಹತ್ತಿಯ ಎಳೆ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. ಬೆಳಗಿನ ತೇವ ಬೇರೆ, ಮಧ್ಯಾಹ್ನದ್ದು ಬೇರೆ. ರೋಲರಿನ ಒತ್ತಡದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ. ಎಲ್ಲೋ ಒಂದು ಜೋಡಣೆ. ಇವೆಲ್ಲ ಸೇರಿ ಕೌಂಟು ನಲವತ್ತರ ಆಚೆ ಈಚೆ ತೂಗಾಡುತ್ತದೆ. ಈ ತೂಗಾಟಕ್ಕೆ ಅಪರಾಧಿ ಯಾರು? ಯಾರೂ ಅಲ್ಲ. ಅಪರಾಧಿ ಇಲ್ಲದ ವ್ಯತ್ಯಾಸ ಎಂಬುದೊಂದು ಲೋಕದಲ್ಲಿ ಇದೆಯೆಂಬುದೇ ಈ ಶಾಸ್ತ್ರದ ಮೊದಲನೆಯ ಪಾಠ.

ಹೆಜ್ಜೆಯ ಅಳತೆ

ತೂಗಾಟ ಸಹಜವೆಂದರೆ ಸಾಲದು. ಎಷ್ಟು ತೂಗಾಟ ಸಹಜ ಎಂಬುದನ್ನು ಅಳೆಯಬೇಕು. ಆ ಅಳತೆಗೋಲಿಗೆ ಶಾಸ್ತ್ರದ ಹೆಸರು 'ಮಾನಕ ವಿಚಲನೆ'. ನಾವಿಲ್ಲಿ ಅದನ್ನು 'ಹೆಜ್ಜೆ' ಎಂದು ಕರೆಯೋಣ.

ಲೆಕ್ಕ ತಿಳಿಯಲು ಐದು ಲೀಗಳ ಕೌಂಟು 38, 39, 40, 41, 42 ಎಂದು ಹಿಡಿಯಿರಿ. ಸರಾಸರಿ 40. ಸರಾಸರಿಯಿಂದ ಇವುಗಳ ದೂರ ಕ್ರಮವಾಗಿ 2, 1, 0, 1, 2. ಈ ದೂರಗಳನ್ನು ಅವುಗಳಿಂದಲೇ ಗುಣಿಸಿದರೆ 4, 1, 0, 1, 4, ಮೊತ್ತ 10. ಐದರಿಂದ ಭಾಗಿಸಿದರೆ 2. ಇದರ ವರ್ಗಮೂಲ ಸುಮಾರು 1.41. ಅದೇ ಹೆಜ್ಜೆ. (ಅಂಕಿಗಳು ಕೆಲವೇ ಇದ್ದಾಗ ಐದರ ಬದಲು ಒಂದು ಕಡಿಮೆ ಮಾಡಿ ನಾಲ್ಕರಿಂದ ಭಾಗಿಸುವುದು ವಾಡಿಕೆ, ಆಗ 1.58 ಬರುತ್ತದೆ. ಅಂಕಿಗಳು ಹೆಚ್ಚಿದ್ದರೆ ಎರಡಕ್ಕೂ ಅಂತರವಿಲ್ಲದಂತಾಗುತ್ತದೆ.) ದೂರವನ್ನು ಅದರಿಂದಲೇ ಏಕೆ ಗುಣಿಸುವುದೆಂದರೆ, ಹಾಗೆ ಮಾಡದಿದ್ದರೆ ಮೇಲಿನ ವ್ಯತ್ಯಾಸವೂ ಕೆಳಗಿನ ವ್ಯತ್ಯಾಸವೂ ಒಂದನ್ನೊಂದು ಹೊಡೆದುಹಾಕಿ ಮೊತ್ತ ಸೊನ್ನೆಯಾಗಿಬಿಡುತ್ತದೆ.

ಈ ಹೆಜ್ಜೆ ಕೈಗೆ ಬಂದರೆ ಗಂಟೆಯ ಗೆರೆಯ ಗುಟ್ಟೆಲ್ಲ ಕೈಗೆ ಬಂದಂತೆ. ಅದು ಮೂರು ಅಂಕಿಗಳಲ್ಲಿದೆ:

ಸರಾಸರಿಯಿಂದ ಎರಡೂ ಕಡೆ ಒಂದೊಂದು ಹೆಜ್ಜೆಯೊಳಗೆ ನೂರಕ್ಕೆ ಸುಮಾರು 68;
ಎರಡೆರಡು ಹೆಜ್ಜೆಯೊಳಗೆ ನೂರಕ್ಕೆ ಸುಮಾರು 95;
ಮೂರು ಮೂರು ಹೆಜ್ಜೆಯೊಳಗೆ ಸಾವಿರಕ್ಕೆ ಸುಮಾರು 997.

ನಿದರ್ಶನಕ್ಕೆ ಸರಾಸರಿ ಕೌಂಟು 40, ಹೆಜ್ಜೆ 0.6 ಎಂದಿಟ್ಟುಕೊಳ್ಳಿರಿ. ಆಗ ನೂರು ಲೀಗಳಲ್ಲಿ 68ರಷ್ಟು 39.4ಕ್ಕೂ 40.6ಕ್ಕೂ ನಡುವೆ ಇರುತ್ತವೆ, 95ರಷ್ಟು 38.8ಕ್ಕೂ 41.2ಕ್ಕೂ ನಡುವೆ, 38.2ರಿಂದ 41.8ರ ಹೊರಗೆ ಹೋಗುವುದು ಸುಮಾರು 370ರಲ್ಲಿ ಒಂದು ಸಲ ಮಾತ್ರ. ಆದ್ದರಿಂದ ಒಂದು ದಿನ 39.3 ಬಂದಿತೆಂದು ಗದ್ದಲವೆಬ್ಬಿಸುವುದಕ್ಕೆ ಅರ್ಥವಿಲ್ಲ, 37.5 ಬಂದರೆ ಸುಮ್ಮನಿರುವುದಕ್ಕೂ ಅರ್ಥವಿಲ್ಲ.

ಇನ್ನೊಂದು ಮಾತು. ಒಂದೊಂದೇ ಅಂಕಿಗಿಂತ ಹಲವು ಅಂಕಿಗಳ ಸರಾಸರಿ ಕಡಿಮೆ ತೂಗಾಡುತ್ತದೆ. ನಾಲ್ಕು ಲೀಗಳ ಸರಾಸರಿ ಹಿಡಿದರೆ ಹೆಜ್ಜೆ ಅರ್ಧವಾಗಿ 0.3 ಆಗುತ್ತದೆ, ಹದಿನಾರರ ಸರಾಸರಿ ಹಿಡಿದರೆ ಕಾಲುಭಾಗ, 0.15. ಅಂದರೆ ಎಷ್ಟು ಅಂಕಿಗಳಿವೆಯೋ ಅದರ ವರ್ಗಮೂಲದಿಂದ ಹೆಜ್ಜೆಯನ್ನು ಭಾಗಿಸಬೇಕು. ಒಂದು ದಿನದ ಅಂಕಿಯನ್ನು ಹಿಡಿದು ಮನುಷ್ಯನನ್ನು ಅಳೆಯಬಾರದು, ತಿಂಗಳಿನ ಅಂಕಿಗಳನ್ನು ಹರಡಿ ನೋಡಬೇಕು ಎಂದು ಹಿರಿಯರು ಅನುಭವದಿಂದ ಹೇಳುತ್ತಿದ್ದ ಮಾತಿಗೆ ಗಣಿತದ ಬೆಂಬಲ ಇದೇ.

ಕಾರ್ಖಾನೆಯ ಗೋಡೆಯ ಮೇಲೆ

ಈ ವಿಚಾರವನ್ನು ಕಾರ್ಖಾನೆಗೆ ತಂದವನು ಅಮೆರಿಕದ ವಾಲ್ಟರ್ ಷೂಹರ್ಟ್. ಟೆಲಿಫೋನ್ ಸಲಕರಣೆಗಳನ್ನು ತಯಾರಿಸುವ ಕಂಪನಿಯಲ್ಲಿದ್ದ ಅವನು 1924ರಲ್ಲಿ ಒಂದು ಪುಟದ ಟಿಪ್ಪಣಿಯಲ್ಲಿ ಒಂದು ನಕ್ಷೆಯನ್ನು ಸೂಚಿಸಿದ. ನಡುವೆ ಸರಾಸರಿಯ ಗೆರೆ. ಮೂರು ಹೆಜ್ಜೆ ಮೇಲೆ ಒಂದು ಗೆರೆ, ಮೂರು ಹೆಜ್ಜೆ ಕೆಳಗೆ ಒಂದು ಗೆರೆ. ದಿನದಿನದ ಅಂಕಿಯನ್ನು ಚುಕ್ಕೆಯಾಗಿ ಇಡುತ್ತ ಹೋಗುವುದು. ಚುಕ್ಕೆಗಳು ಎರಡು ಗೆರೆಗಳ ನಡುವೆ ಅಲೆದಾಡುತ್ತಿದ್ದರೆ ಅದು ಯಂತ್ರ, ಹತ್ತಿ, ಹವೆ ಎಲ್ಲ ಸೇರಿದ ಇಡೀ ವ್ಯವಸ್ಥೆಯ ಸಹಜ ತೂಗಾಟ. ಚುಕ್ಕೆ ಗೆರೆ ದಾಟಿದರೆ ವಿಶೇಷ ಕಾರಣವೊಂದು ಇರಬಹುದು, ಹೋಗಿ ಹುಡುಕಬೇಕು. ಗೆರೆ ದಾಟದಿದ್ದರೂ ಎಂಟು ಚುಕ್ಕೆ ಸಾಲಾಗಿ ಸರಾಸರಿಯ ಕೆಳಗೇ ಬಿದ್ದರೆ ಆಗಲೂ ಹುಡುಕಬೇಕು. ಎಂಟು ನಾಣ್ಯ ಎಸೆದು ಎಂಟೂ ಸಿಂಹವಾಗುವುದು 256ರಲ್ಲಿ ಒಂದು ಸಲ ಮಾತ್ರ ತಾನೆ?

ಭಾರತಕ್ಕೆ ಈ ವಿದ್ಯೆ ಬೇಗನೆ ಬಂತು. ಪ್ರಶಾಂತಚಂದ್ರ ಮಹಾಲನೋಬಿಸ್ ಅವರು 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದರು. ಅವರ ಆಹ್ವಾನದ ಮೇಲೆ 1947-48ರಲ್ಲಿ ಷೂಹರ್ಟ್ ಇಲ್ಲಿಗೆ ಬಂದು ಹೋದ. ಅಹಮದಾಬಾದು, ಮುಂಬಯಿ, ಕೊಯಮತ್ತೂರುಗಳಲ್ಲಿ ಹುಟ್ಟಿದ ಜವಳಿ ಸಂಶೋಧನ ಸಂಸ್ಥೆಗಳು ಗಿರಣಿಗಳಿಗೆ ಇಂಥ ನಕ್ಷೆಗಳನ್ನು ಕಲಿಸಿದವು. ಕಲ್ಕತ್ತೆಯ ಆ ಸಂಸ್ಥೆಯನ್ನು 1941ರಲ್ಲಿ ಸೇರಿ ಜಗದ್ವಿಖ್ಯಾತರಾದ ಸಿ. ಆರ್. ರಾವ್ ಅವರು 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ ಎಂಬುದು ಕನ್ನಡನಾಡಿನವರು ನೆನೆಯಬೇಕಾದ ಸಂಗತಿ. ಅವರ ಮನೆಮಾತು ತೆಲುಗು. ಹುಟ್ಟಿದ ನೆಲ ನಮ್ಮದು. 2023ರಲ್ಲಿ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಬಹುಮಾನ ಪಡೆದು, ಅದೇ ವರ್ಷ ನೂರೆರಡನೆಯ ವಯಸ್ಸಿನಲ್ಲಿ ತೀರಿಕೊಂಡರು.

ಬೈಗುಳದ ಪ್ರತಾಪ

ಈಗ ನಾವು ಮುಖ್ಯವಾಗಿ ಹೇಳಬೇಕೆಂದಿದ್ದ ಮಾತಿಗೆ ಬರೋಣ. ಸಹಜ ತೂಗಾಟವನ್ನು ತಪ್ಪೆಂದು ತಿಳಿದರೆ ಏನಾಗುತ್ತದೆ?

ಮೂವತ್ತಾರು ಜನರನ್ನು ಕೂಡಿಸಿ ಒಬ್ಬೊಬ್ಬರಿಗೂ ಹತ್ತು ನಾಣ್ಯ ಕೊಟ್ಟು ಎಸೆಯಲು ಹೇಳಿರಿ. ಸಿಂಹ ಬಿದ್ದಷ್ಟೂ ಅವರ 'ಉತ್ಪಾದನೆ' ಎಂದು ಹಿಡಿಯಿರಿ. ಮೇಲೆ ಕೊಟ್ಟ ಲೆಕ್ಕದ ಪ್ರಕಾರ ಸುಮಾರು ಆರು ಜನರಿಗೆ ಮೂರು ಅಥವಾ ಅದಕ್ಕೂ ಕಡಿಮೆ ಬರುತ್ತದೆ. ಸುಮಾರು ಆರು ಜನರಿಗೆ ಏಳು ಅಥವಾ ಹೆಚ್ಚು ಬರುತ್ತದೆ. ಕಡಿಮೆ ಬಂದ ಆರು ಜನರನ್ನು ಎಲ್ಲರೆದುರು ನಿಲ್ಲಿಸಿ ಚೆನ್ನಾಗಿ ಬೈಯಿರಿ. ಹೆಚ್ಚು ಬಂದ ಆರು ಜನರಿಗೆ ಹಾರ ಹಾಕಿರಿ. ಮತ್ತೆ ಎಸೆಯಲು ಹೇಳಿರಿ.

ಏನಾಗುತ್ತದೆ ಗೊತ್ತೇ? ಬೈಸಿಕೊಂಡ ಆರು ಜನರಲ್ಲಿ ಸುಮಾರು ಐವರು ಈ ಸಲ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಸಿಂಹ ತೋರಿಸುತ್ತಾರೆ. ಹಾರ ಹಾಕಿಸಿಕೊಂಡ ಆರು ಜನರಲ್ಲಿ ಸುಮಾರು ಐವರು ಆರಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿಯುತ್ತಾರೆ. ಮೇಲ್ವಿಚಾರಕ ಮೀಸೆ ತಿರುವಿ 'ನೋಡಿದಿರಾ, ಬೈದರೆ ಸುಧಾರಿಸುತ್ತಾರೆ, ಹೊಗಳಿದರೆ ಕೆಡುತ್ತಾರೆ' ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಕಣ್ಣಾರೆ ಕಂಡುದನ್ನೇ ಹೇಳುತ್ತಿದ್ದಾನೆ. ಆದರೆ ನಾಣ್ಯಕ್ಕೆ ಬೈಗುಳವೂ ತಿಳಿಯದು, ಹಾರವೂ ತಿಳಿಯದು. ತುದಿಗೆ ಹೋದದ್ದು ಮರುಸಲ ನಡುವಿನ ಕಡೆಗೆ ಬರುವುದು ಗಂಟೆಯ ಗೆರೆಯ ಸ್ವಭಾವ, ಅಷ್ಟೆ. ಮಗ ಒಂದು ಪರೀಕ್ಷೆಯಲ್ಲಿ ಕಡಿಮೆ ಅಂಕ ತಂದಾಗ ಹೊಡೆದು, ಮುಂದಿನ ಪರೀಕ್ಷೆಯಲ್ಲಿ ಹೆಚ್ಚು ಬಂದದ್ದು ಆ ಹೊಡೆತದಿಂದಲೇ ಎಂದು ನಂಬಿರುವ ತಂದೆಗಳು ನಮ್ಮಲ್ಲಿ ಎಷ್ಟಿಲ್ಲ!

ಯಂತ್ರದ ವಿಷಯದಲ್ಲಿಯೂ ಇದೇ ಮಾತು. ಒಂದು ಲೀ ಭಾರವಾಯಿತೆಂದು ಕೂಡಲೇ ಹಲ್ಲುಚಕ್ರ ಬದಲಿಸುವುದು, ಮರುದಿನ ಹಗುರವಾಯಿತೆಂದು ತಿರುಗಿ ಬದಲಿಸುವುದು, ಹೀಗೆ ಪ್ರತಿ ಸಲದ ವ್ಯತ್ಯಾಸವನ್ನೂ ಪೂರ್ತಿ ಸರಿದೂಗಿಸುತ್ತ ಹೋದರೆ ನೂಲು ಸುಧಾರಿಸುವುದಿಲ್ಲ. 0.6 ಇದ್ದ ಹೆಜ್ಜೆ ಸುಮಾರು 0.85 ಆಗುತ್ತದೆ. ಸುಮ್ಮನೆ ಬಿಟ್ಟಿದ್ದರೆ ಚೆನ್ನಾಗಿರುತ್ತಿದ್ದುದು ಕೈಯಾಡಿಸಿದ್ದರಿಂದ ಕೆಡುತ್ತದೆ.

ನಮಗೆ ತಿಳಿದ ಒಂದು ಗಿರಣಿಯಲ್ಲಿ, ಹಲವು ವರ್ಷ ರಜೆಯಿಲ್ಲದೆ ದುಡಿದ ಕೆಲಸಗಾರರೊಬ್ಬರ ಉತ್ಪಾದನೆ ಸಾಲಾಗಿ ಮೂರು ದಿನ ಸರಾಸರಿಗಿಂತ ಕಡಿಮೆ ಬಂದಿತೆಂದು ಮೆಮೊ ಕೊಟ್ಟರು. ಅವರ ಹಿಂದಿನ ಮೂರು ತಿಂಗಳ ಅಂಕಿಗಳನ್ನು ನಾವು ಪುಸ್ತಕದಿಂದ ಇಳಿಸಿ ಹರಡಿ ನೋಡಿದೆವು. ಆ ಮೂರೂ ದಿನಗಳು ಒಂದು ಹೆಜ್ಜೆಯ ಒಳಗೇ ಇದ್ದವು. ಮೂರು ನಾಣ್ಯ ಎಸೆದು ಮೂರೂ ಅಂಕಿ ಬೀಳುವುದು ಎಂಟರಲ್ಲಿ ಒಂದು ಸಲ. ಅಂಥದು ಯಾರಿಗೂ ತಿಂಗಳಿಗೆ ಒಂದೆರಡು ಬಾರಿ ಆಗುವಂಥದೇ. ಹಾಳೆಯನ್ನು ಖಾತೆಯ ಅಧಿಕಾರಿಗೆ ತೋರಿಸಿದೆವು. ಕೊಟ್ಟ ಮೆಮೊವನ್ನು ಅವರು ಹಿಂದೆ ತೆಗೆದುಕೊಳ್ಳಲಿಲ್ಲ. ಆದರೆ ಅಂದಿನಿಂದ ಇಂಥ ಕಾಗದಕ್ಕೆ ಸಹಿ ಹಾಕುವ ಮುನ್ನ 'ತಿಂಗಳಿನ ಹಾಳೆ ತನ್ನಿ' ಎಂದು ಕೇಳುವ ಪರಿಪಾಠ ಬಂತು. ಆ ಕೆಲಸಗಾರರ ಕಡತದಲ್ಲಿ ಮಾತ್ರ ಆ ಮೆಮೊ ಇಂದಿಗೂ ಇದೆ.

ಹಾಗೆಂದು ಈ ಶಾಸ್ತ್ರ ಮೈಗಳ್ಳರಿಗೆ ಆಶ್ರಯವೆಂದು ಯಾರೂ ತಿಳಿಯಬಾರದು. ತಿಂಗಳಿಡೀ ಚುಕ್ಕೆಗಳು ಕೆಳಗಿನ ಗೆರೆಯ ಹತ್ತಿರವೇ ಹೊರಳಾಡುತ್ತಿದ್ದರೆ ಆಗ 'ನನ್ನ ತಪ್ಪಲ್ಲ, ತೂಗಾಟ' ಎಂದು ಹೇಳಲು ಬರುವುದಿಲ್ಲ. ಕಾರಣ ಏನೋ ಇದೆ. ಅದು ಮನುಷ್ಯನಲ್ಲಿರಬಹುದು, ಸವೆದ ರೋಲರಿನಲ್ಲಿರಬಹುದು, ಕಳಪೆ ಹತ್ತಿಯಲ್ಲಿರಬಹುದು. ಹುಡುಕಿ ನೋಡಿದ ಮೇಲೆ ಮಾತನಾಡಬೇಕು.

ಗಂಟೆ ಬಾರಿಸದ ಕಡೆ

ಎಲ್ಲ ಅಂಕಿಗಳೂ ಗಂಟೆಯ ಗೆರೆಗೆ ಒಗ್ಗುವುದಿಲ್ಲವೆಂಬುದನ್ನೂ ಮರೆಯಬಾರದು. ಸಂಬಳದ ವಿಷಯ ನೋಡಿರಿ. ಒಂದು ಕೋಣೆಯಲ್ಲಿ ಹತ್ತು ಜನ. ಒಂಬತ್ತು ಮಂದಿಗೆ ತಿಂಗಳಿಗೆ 20,000 ರೂಪಾಯಿ, ಹತ್ತನೆಯವರಿಗೆ 2,20,000. ಒಟ್ಟು ನಾಲ್ಕು ಲಕ್ಷ; ಸರಾಸರಿ 40,000. ಆದರೆ ನಲವತ್ತು ಸಾವಿರ ತೆಗೆದುಕೊಳ್ಳುವವನು ಆ ಕೋಣೆಯಲ್ಲಿ ಒಬ್ಬನೂ ಇಲ್ಲ! ಸಂಬಳಕ್ಕೆ ಕೆಳಗೆ ಸೊನ್ನೆಯ ತಡೆಯಿದೆ, ಮೇಲೆ ತಡೆಯೇ ಇಲ್ಲ. ಮೇಲಾಗಿ ಹಣ ಹಣವನ್ನು ಕೂಡಿಸುವುದಿಲ್ಲ, ಗುಣಿಸುತ್ತದೆ. ಆದ್ದರಿಂದ ಅದರ ಚಿತ್ರ ಗಂಟೆಯಂತಿರದೆ ಒಂದು ಕಡೆಗೆ ಉದ್ದನೆಯ ಬಾಲ ಎಳೆದುಕೊಂಡಿರುತ್ತದೆ. ಇಂಥ ಕಡೆ ಎಲ್ಲರನ್ನೂ ಸಂಬಳದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿ, ನಡುವಿನವನನ್ನು 'ನಿನಗೆಷ್ಟು?' ಎಂದು ಕೇಳುವುದೇ ಸರಿಯಾದ ದಾರಿ. ನಮ್ಮ ಕೋಣೆಯಲ್ಲಿ ಅವನ ಉತ್ತರ 20,000. 'ನಮ್ಮಲ್ಲಿ ಸರಾಸರಿ ವೇತನ ಇಷ್ಟು' ಎಂದು ಯಾರಾದರೂ ಹೇಳಿದರೆ 'ನಡುವಿನವನಿಗೆ ಎಷ್ಟು ಸ್ವಾಮಿ?' ಎಂದು ವಿನಯದಿಂದಲೇ ಕೇಳಿರಿ.

ರೈಲಿನ ವಿಳಂಬವೂ ಹೀಗೆಯೇ. ಗಾಡಿ ಒಂದು ಗಂಟೆ ತಡವಾಗಿ ಬರಬಹುದು. ಒಂದು ಗಂಟೆ ಮೊದಲೇ ಬಂದು ಹೊರಟುಹೋಗುವುದಿಲ್ಲ. ಇನ್ನು, ಎರಡು ಬೇರೆ ಬೇರೆ ಗುಂಪುಗಳನ್ನು ಒಂದೇ ಪಟ್ಟಿಯಲ್ಲಿ ಬೆರಸಿದರೆ ಗಂಟೆಗೆ ಬದಲು ಒಂಟೆಯ ಬೆನ್ನಿನಂತೆ ಎರಡು ಡುಬ್ಬ ಕಾಣಿಸಬಹುದು. ಹಳೆಯ ಯಂತ್ರದ ನೂಲನ್ನೂ ಹೊಸ ಯಂತ್ರದ ನೂಲನ್ನೂ ಕೂಡಿಸಿ ಒಂದೇ ಸರಾಸರಿ ತೆಗೆದು, ಹಳೆಯ ಯಂತ್ರದವನನ್ನು ಅದರಿಂದ ಅಳೆಯುವುದು ಅನ್ಯಾಯ.

ಹೆಸರಿನ ವಿಷಯದಲ್ಲಿಯೂ ಎಚ್ಚರ ಬೇಕು. 'ನಾರ್ಮಲ್' ಎಂಬ ಹೆಸರನ್ನು ಬಳಕೆಗೆ ತಂದವರಲ್ಲಿ ಒಬ್ಬರಾದ ಇಂಗ್ಲೆಂಡಿನ ಕಾರ್ಲ್ ಪಿಯರ್ಸನ್ ಅವರೇ ಮುಂದೆ, ಈ ಹೆಸರಿನಿಂದ ಉಳಿದ ವಿತರಣೆಗಳೆಲ್ಲ ಅಸಹಜವೆಂಬ ಭಾವನೆ ಜನರಲ್ಲಿ ಬರುತ್ತದೆಂದು ಪೇಚಾಡಿಕೊಂಡರು. ಗಂಟೆಯ ನಡುವೆ ಇರುವವನು ಸರಿ, ಅಂಚಿನಲ್ಲಿರುವವನು ತಪ್ಪು ಎಂದು ಆ ಗೆರೆ ಎಲ್ಲಿಯೂ ಹೇಳುವುದಿಲ್ಲ. ಐದಡಿಯವನೂ ಆರಡಿಯವನೂ ಅದೇ ಗಂಟೆಯ ಒಳಗಿನವರೇ.

ಮಾಡಿ ನೋಡಿರಿ

ಓದಿ ಮರೆಯುವುದಕ್ಕಿಂತ ಮಾಡಿ ನೋಡುವುದು ಮೇಲು. ನಿಮ್ಮ ಕೆಲಸದಲ್ಲಿ ದಿನವೂ ಬರುವ ಯಾವುದಾದರೊಂದು ಅಂಕಿಯನ್ನು ಆರಿಸಿಕೊಳ್ಳಿರಿ: ಪಾಳಿಯ ಉತ್ಪಾದನೆ, ವಿಲೇವಾರಿಯಾದ ಕಾಗದಗಳು, ಅಂಗಡಿಯ ದಿನದ ಗಿರಾಕಿಗಳು. ಮೂವತ್ತು ದಿನ ಬಿಡದೆ ಬರೆಯಿರಿ. ಸರಾಸರಿ ತೆಗೆಯಿರಿ, ಮೇಲೆ ಹೇಳಿದಂತೆ ಹೆಜ್ಜೆ ಲೆಕ್ಕ ಹಾಕಿರಿ, ಚೌಕದ ಹಾಳೆಯಲ್ಲಿ ಮೂರು ಗೆರೆ ಎಳೆದು ಚುಕ್ಕೆಗಳನ್ನಿಡಿರಿ. ಮೊದಲು ನೋಡಬೇಕಾದದ್ದು ಅಂಕಿಗಳು ನಡುವೆ ಗುಂಪಾಗಿವೆಯೇ, ಅಥವಾ ಒಂದು ಕಡೆ ಬಾಲವಿದೆಯೇ, ಎರಡು ಡುಬ್ಬವಿದೆಯೇ ಎಂಬುದನ್ನು. ಗುಂಪು ಗಂಟೆಯಂತಿದ್ದರೆ ಮಾತ್ರ ಈ ಲೇಖನದ 68, 95, 997ರ ಲೆಕ್ಕ ಹೊಂದುತ್ತದೆ.

ಹಾಳೆ ಬರೆದವರು ಅದನ್ನು ವಾಚನಾಲಯಕ್ಕೆ ತನ್ನಿರಿ. ಭಾನುವಾರ ಬೆಳಿಗ್ಗೆ ಪತ್ರಿಕೆಗಳ ಮೇಜಿನ ಬಳಿ ನಾವು ಇರುತ್ತೇವೆ. ವರ್ಗಮೂಲ ತೆಗೆಯುವುದು ಮರೆತವರಿಗೆ ಕೂಡಿ ಕುಳಿತು ತೆಗೆಯೋಣ. ಹತ್ತು ನಾಣ್ಯ, ಒಂದು ಡಬ್ಬಿ, ಒಂದು ಚೀಲ ಹುಣಸೆಬೀಜ ಕಪಾಟಿನ ಕೆಳಗಿನ ಅರೆಯಲ್ಲಿ ಇಟ್ಟಿದ್ದೇವೆ. ಮಕ್ಕಳನ್ನೂ ಕರೆತನ್ನಿರಿ.